ಗುಂಡಿಯಲ್ಲಿ ಮೊಸಳೆ, ರಸ್ತೆ ಮಧ್ಯೆ ಕುರ್ಚಿ: ಟ್ಯಾಕ್ಟಿಕಲ್ ಅರ್ಬನಿಸಂ ಓದುವವರಿಗೆ

ಟ್ಯಾಕ್ಟಿಕಲ್ ಅರ್ಬನಿಸಂ ಅಂದರೆ ನಗರದ ಒಂದು ಜಾಗದಲ್ಲಿ ಕಡಿಮೆ ಖರ್ಚಿನ, ತಾತ್ಕಾಲಿಕ ಬದಲಾವಣೆ ಮಾಡಿ ನೋಡುವುದು. ಈ ಪಾಠಕ್ಕೆ ತಯಾರಿ ಮಾಡುವಾಗ ಬಹಳ ಜನ ಉದಾಹರಣೆಗಳ ಪಟ್ಟಿ ಮಾಡಿಕೊಂಡು ಕೂರುತ್ತಾರೆ. ಗೋಡೆ ಚಿತ್ರ, ಬಣ್ಣದ ಮೆಟ್ಟಿಲು, ಫ್ಲೈಓವರ್ ಕೆಳಗಿನ ಪಾರ್ಕು, ಎಲ್ಲಾ ಒಂದೇ ಸಾಲಿನಲ್ಲಿ. ಹಾಗೆ ಓದಿದರೆ ತಲೆಗೆ ಏನೂ ಹತ್ತುವುದಿಲ್ಲ. ಪ್ರತಿ ಉದಾಹರಣೆಗೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕಲಾವಿದರೋ ಸ್ವಯಂಸೇವಕರೋ ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಆ ಜಾಗದ ಮೇಲೆ ಅಧಿಕಾರ ಇರುವವರು ಏನು ಮಾಡಿದರು?

ನಮಗೆಲ್ಲ ಗೊತ್ತಿರುವ ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರಿಂದಲೇ ಶುರು ಮಾಡೋಣ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರು ತುಂಬಿಕೊಂಡಿದ್ದ ದೊಡ್ಡ ಗುಂಡಿಯೊಂದಿತ್ತು. ಅವರು ಅದರ ಸುತ್ತ ಹಸಿರು ಬಣ್ಣ ಬಳಿದು ಕೆರೆಯ ಹಾಗೆ ಮಾಡಿ, ನಿಜ ಗಾತ್ರದ ಮೊಸಳೆಯೊಂದನ್ನು ಇಟ್ಟರು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿದ್ದ ದಿನಗಳಲ್ಲೇ, ಇನ್ನೊಂದು ವಿಡಿಯೊ ಬಂತು. ಗಗನಯಾತ್ರಿ ವೇಷದವರೊಬ್ಬರು ಕತ್ತಲಲ್ಲಿ ಹೊಂಡದಿಂದ ಹೊಂಡಕ್ಕೆ ನಿಧಾನಕ್ಕೆ ಹೆಜ್ಜೆ ಹಾಕುತ್ತಾರೆ. ಚಂದ್ರನ ಮೇಲೆ ನಡೆದ ಹಾಗೇ ಕಾಣುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿ ಆಟೊ ಒಂದು ಹಾದು ಹೋಗುತ್ತದೆ, ಆಗ ಗೊತ್ತಾಗುತ್ತದೆ, ಅದು ಬೆಂಗಳೂರಿನ ರಸ್ತೆ ಅಂತ.

ಎರಡೂ ಸಲ ರಸ್ತೆ ಬೇಗ ರಿಪೇರಿ ಆಯಿತು. ಯಾಕೆ? ಬರೀ ಗುಂಡಿಯ ಫೋಟೊ ದಿನಾ ನೂರು ಬರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಮೊಸಳೆ ದೇಶವಿಡೀ ಸುದ್ದಿಯಾಯಿತು, ಪಾಲಿಕೆಗೆ ಮುಖ ಉಳಿಸಿಕೊಳ್ಳಬೇಕಾಯಿತು. ಇಲ್ಲಿ ಕಲೆ ಅಂದರೆ ಒಂದು ದೂರು ಅರ್ಜಿ, ನಗಿಸಿ ಮರ್ಯಾದೆ ತೆಗೆಯುವ ಅರ್ಜಿ. ಅದರ ಮಿತಿಯೂ ಅಲ್ಲೇ ಇದೆ. ಮುಚ್ಚಿದ್ದು ಆ ಗುಂಡಿ ಮಾತ್ರ. ಪೈಪಿಗೆ ಅಂತ ಅಗೆದು ಸರಿಯಾಗಿ ಮುಚ್ಚದೆ ಹೋಗುವುದು, ಮಳೆನೀರು ಹರಿಯಲು ದಾರಿ ಇಲ್ಲದಿರುವುದು, ಕಳಪೆ ಡಾಂಬರು, ಇವು ಯಾವುದನ್ನೂ ಮೊಸಳೆ ಸರಿ ಮಾಡಲಾರದು. ಮಾಡಬೇಕು ಅಂತ ನಿರೀಕ್ಷಿಸುವುದೂ ತಪ್ಪು ಬಿಡಿ.

ಇನ್ನೊಂದು ಬಗೆ ಪ್ರಯೋಗದ್ದು. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್ ಇದಕ್ಕೆ ಒಳ್ಳೆಯ ಉದಾಹರಣೆ. ಮ್ಯಾನ್‌ಹ್ಯಾಟನ್ ರಸ್ತೆಗಳು ಚೌಕುಳಿಯಾಗಿವೆ, ಬ್ರಾಡ್‌ವೇ ಒಂದು ಮಾತ್ರ ಅವನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತದೆ. ಅದು ಕೂಡುವ ಕಡೆಯೆಲ್ಲ ಸಿಗ್ನಲ್ ಗೋಜಲು. 2009ರ ಮೇ ಕೊನೆಯಲ್ಲಿ ಸಾರಿಗೆ ಇಲಾಖೆಯ ಮುಖ್ಯಸ್ಥೆ ಜಾನೆಟ್ ಸಾದಿಕ್-ಖಾನ್ ಅಲ್ಲಿ ಬ್ರಾಡ್‌ವೇಯ ಐದು ಬ್ಲಾಕ್‌ಗಳನ್ನು ವಾಹನಗಳಿಗೆ ಮುಚ್ಚಿಸಿದರು. ತಮಾಷೆ ಏನೆಂದರೆ, ಜನ ಕೂರಲು ಬೇಕಾದ ಕುರ್ಚಿಗಳು ಸಮಯಕ್ಕೆ ಸಿಗಲಿಲ್ಲ. ತಕ್ಷಣಕ್ಕೆ ಅಗ್ಗದ ಮಡಚುವ ಕುರ್ಚಿ ತಂದು ರಸ್ತೆ ಮಧ್ಯೆ ಹಾಕಿದರು. ಜನ ಬಂದು ಕೂತೇಬಿಟ್ಟರು. ಪೇಪರಿನವರು ಕುರ್ಚಿ ಚೆನ್ನಾಗಿಲ್ಲ ಅಂತ ಜಗಳ ತೆಗೆದರೇ ಹೊರತು, ರಸ್ತೆ ಮುಚ್ಚಿದ್ದರ ಬಗ್ಗೆ ಆಗಬೇಕಿದ್ದ ಗಲಾಟೆ ಅಷ್ಟು ಆಗಲೇ ಇಲ್ಲ.

ಆದರೆ ಕುರ್ಚಿಗಿಂತ ಮುಖ್ಯವಾದದ್ದು ಲೆಕ್ಕ. ಟ್ಯಾಕ್ಸಿಗಳ ಜಿಪಿಎಸ್ ಮಾಹಿತಿ ಹಿಡಿದು ಸಂಚಾರದ ವೇಗ ನೋಡಿದರು, ಅಪಘಾತದಲ್ಲಿ ಗಾಯಗೊಂಡವರನ್ನು ಎಣಿಸಿದರು. ಯೋಜನೆ ನಡೆದ ಕಡೆ ಪಾದಚಾರಿಗಳಿಗೆ ಗಾಯವಾಗುವುದು ಶೇ. 35ರಷ್ಟು ಇಳಿದಿತ್ತು. 2010ರ ಫೆಬ್ರವರಿಯಲ್ಲಿ ಮೇಯರ್ ಬ್ಲೂಮ್‌ಬರ್ಗ್ ಇದನ್ನು ಕಾಯಂ ಮಾಡಿದರು. ಕಲ್ಲು ಹಾಸು, ಬೆಂಚು ಎಲ್ಲ ಬಂದಿದ್ದು ಅದಾದ ಮೇಲೆ, ವರ್ಷಗಳು ಕಳೆದು. ಮೊದಲು ಬಣ್ಣ ಮತ್ತು ರಸ್ತೆಗೆ ಅಡ್ಡ ಇಡುವ ಡ್ರಮ್ಮು, ಆಮೇಲೆ ಲೆಕ್ಕ, ಕೊನೆಗೆ ಕಲ್ಲು: ಟ್ಯಾಕ್ಟಿಕಲ್ ಅರ್ಬನಿಸಂನ ಜೀವ ಈ ಕ್ರಮದಲ್ಲೇ ಇದೆ. ಸರಿ ಬರದಿದ್ದರೆ ಡ್ರಮ್ಮು ಎತ್ತಿಕೊಂಡು ಹೋದರಾಯಿತು, ಯಾರ ಕುರ್ಚಿಯೂ ಅಲುಗಾಡುವುದಿಲ್ಲ.

ಈಗ ನಮ್ಮ ಬೆಂಗಳೂರಿನ ಚರ್ಚ್ ಸ್ಟ್ರೀಟ್ ನೋಡಿ. ಅಲ್ಲಿ ಕ್ರಮ ತಿರುಗುಮುರುಗು. ಕಲ್ಲು ಹಾಸಿ ಹೊಸ ರೂಪ ಕೊಟ್ಟಿದ್ದು ಮೊದಲು, 2018ಕ್ಕೆ ಅದು ಮುಗಿದಿತ್ತು. ವಾಹನ ನಿಲ್ಲಿಸಿ ನೋಡುವ ಪ್ರಯೋಗ ಬಂದಿದ್ದು 2020ರ ನವೆಂಬರ್‌ನಲ್ಲಿ, ವಾರಾಂತ್ಯಕ್ಕೆ ಮಾತ್ರ. ನಗರ ಭೂಸಾರಿಗೆ ನಿರ್ದೇಶನಾಲಯ ಅದನ್ನು ನಡೆಸಿತು, ಭಾರತೀಯ ವಿಜ್ಞಾನ ಸಂಸ್ಥೆ ಅಧ್ಯಯನ ಮಾಡಿತು, ಗಾಳಿ ಸುಧಾರಿಸಿದ್ದು ಕಂಡಿತು. ಅಂದರೆ ಲೆಕ್ಕವೂ ಇತ್ತು. ಆದರೂ ಕೆಲವು ತಿಂಗಳಿಗೆ ಪ್ರಯೋಗ ಮುಗಿದು ವಾಹನಗಳು ವಾಪಸ್ ಬಂದವು. ನನಗೆ ಅನ್ನಿಸುವುದು ಇಷ್ಟು. ನ್ಯೂಯಾರ್ಕ್‌ನಲ್ಲಿ ರಸ್ತೆ ಮೇಯರ್ ಕೈಯಲ್ಲಿ. ಬೆಂಗಳೂರಿನಲ್ಲಿ ರಸ್ತೆ ಪಾಲಿಕೆಯದು, ಸಂಚಾರ ಪೊಲೀಸರದು, ಕೆಳಗಿನ ಪೈಪು ಜಲಮಂಡಳಿಯದು, ಕಂಬ ಬೆಸ್ಕಾಂನದು. ಪ್ರಯೋಗ ಮಾಡಿದ ಇಲಾಖೆಗೇ ಅದನ್ನು ಕಾಯಂ ಮಾಡುವ ಅಧಿಕಾರ ಇಲ್ಲ. ಪರೀಕ್ಷೆಯಲ್ಲಿ ಸುಮ್ನೆ ‘ರಾಜಕೀಯ ಇಚ್ಛಾಶಕ್ತಿಯ ಕೊರತೆ’ ಅಂತ ಬರೆಯುವ ಬದಲು ಇದನ್ನು ಬರೆಯಿರಿ.

2010ರಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಗುಂಪಿನ ಸ್ಪಾಟ್ ಫಿಕ್ಸ್ ಇನ್ನೂ ಬೇರೆ. ಅಧಿಕಾರಿಗಳನ್ನು ಬೈಯುವುದಿಲ್ಲ, ಹೆಸರೂ ಹೇಳಿಕೊಳ್ಳುವುದಿಲ್ಲ. ಕಸದ ಮೂಲೆ ಗುಡಿಸಿ, ಗೋಡೆಗೆ ಬಣ್ಣ ಹೊಡೆದು, ಕುಂಡ ಇಟ್ಟು ಹೋಗುತ್ತಾರೆ. ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ ಹೊಡೆಯುವುದನ್ನು ಗಮನಿಸಿ. ಎಲೆಅಡಿಕೆ ಉಗಿದರೂ ಕಲೆ ಎದ್ದು ಕಾಣುವುದಿಲ್ಲ, ಕಲೆ ಕಾಣದ ಕಡೆ ಇನ್ನೊಬ್ಬ ಉಗಿಯುವುದೂ ಕಡಿಮೆ. ಜನರ ಅಭ್ಯಾಸ ನೋಡಿ ಮಾಡಿದ ಡಿಸೈನ್ ಅಂದರೆ ಇದು. ಆದರೆ ಕಸದ ಗಾಡಿ ಹೊತ್ತಿಗೆ ಸರಿಯಾಗಿ ಬರದಿದ್ದರೆ ಆ ಕಸ ಮುಂದಿನ ತಿರುವಿಗೆ ಹೋಗುತ್ತದೆ, ಅಷ್ಟೇ.

ನ್ಯೂಯಾರ್ಕ್‌ನ ಹೈಲೈನ್ ಪಾರ್ಕ್ ಬಗ್ಗೆ ಎಲ್ಲರೂ ಹೊಗಳಿಯೇ ಬರೆಯುತ್ತಾರೆ. 1980ರಲ್ಲಿ ರೈಲು ನಿಂತ ಮೇಲ್ಸೇತುವೆ 2009ರಲ್ಲಿ ಪಾರ್ಕ್ ಆಯಿತು, ನಿಜ. ಸುತ್ತಲಿನ ಆಸ್ತಿಯ ಬೆಲೆಯೂ ಜೋರಾಗಿ ಏರಿತು. ಪಕ್ಕದ ಸರ್ಕಾರಿ ವಸತಿಗಳಲ್ಲಿ ಇದ್ದವರು ಅತ್ತ ಜಾಸ್ತಿ ಬರಲಿಲ್ಲ. ಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ಹ್ಯಾಮಂಡ್ ಅವರೇ ಆಮೇಲೆ ಒಪ್ಪಿಕೊಂಡರು, ವಿನ್ಯಾಸ ಹೇಗಿರಬೇಕು ಅಂತ ಆ ಜನರನ್ನು ಕೇಳುವ ಬದಲು ನಿಮಗೆ ಏನು ಬೇಕು ಅಂತ ಕೇಳಬೇಕಿತ್ತು ಎಂದು. ಹಾಗಾಗಿ ಫೀಲ್ಡ್ ವರ್ಕ್‌ಗೆ ಬಣ್ಣ ಹೊಡೆದ ಬೀದಿ ಆರಿಸಿಕೊಂಡವರು ಚಿತ್ರದ ಫೋಟೊ ಆಮೇಲೆ ತೆಗೆಯಿರಿ. ಮೊದಲು ಆ ಗೋಡೆ ಹತ್ತಿರ ಬಣ್ಣಕ್ಕೆ ಮುಂಚೆ ಯಾರು ತಳ್ಳುಗಾಡಿ ನಿಲ್ಲಿಸುತ್ತಿದ್ದರು, ಈಗ ಎಲ್ಲಿ ನಿಲ್ಲಿಸುತ್ತಾರೆ ಅಂತ ವಿಚಾರಿಸಿ.