29 ನಿಮಿಷದ ಲೆಕ್ಕ ಹಾಕೋರಿಗೆ

ದಾವಣಗೆರೆಯಲ್ಲಿ ಟಿಕೆಟ್ ಬುಕಿಂಗ್ ಆಫೀಸ್ ಇಟ್ಕೊಂಡು ಕೂತಿರೋನು ನಾನು. ವಾರಕ್ಕೆ ಒಬ್ರಾದ್ರೂ ಬಂದು ಮೊಬೈಲ್ ಮುಖದ ಮುಂದೆ ಹಿಡೀತಾರೆ, ಶಿವಮೊಗ್ಗದಿಂದ ಬೆಂಗಳೂರಿಗೆ ನೆಟ್ಟಗೆ ಗೆರೆ ಎಳೆದ್ರೆ ಹೆಚ್ಚುಕಮ್ಮಿ 240 ಕಿಲೋಮೀಟರ್, ಎಟಿಆರ್ ವಿಮಾನದ ಸ್ಪೀಡು ಗಂಟೆಗೆ 500, ಅಂದ್ರೆ 29 ನಿಮಿಷ, ಮತ್ತೆ ಟಿಕೆಟ್ಟಲ್ಲಿ ಯಾಕ್ ಗಂಟೆ ಮೇಲೆ ಬರೆದಿದೆ ಅಂತ. ಮಂಡಿಪೇಟೆ ಯಜಮಾನ್ರೊಬ್ರು "ನಡುವೆ ತಿಪಟೂರಲ್ಲಿ ಟೀಗೆ ನಿಲ್ಲಿಸ್ತಾರೇನ್ರೀ?" ಅಂತಾನೇ ಕೇಳಿದ್ರು.

ಭಾಗಾಕಾರ ಸರಿಯಾಗೇ ಇದೆ, ವ್ಯಾಪಾರಸ್ಥರ ಲೆಕ್ಕ ಎಲ್ಲಿ ತಪ್ಪುತ್ತೆ. ಆದ್ರೆ ಟಿಕೆಟ್ಟಲ್ಲಿರೋದು ಹಾರೋ ಟೈಮ್ ಅಲ್ಲ ಕಣ್ರೀ. ವಿಮಾನ ನಿಂತ ಜಾಗ ಬಿಟ್ಟು ಅಲ್ಲಾಡಿದಾಗಿಂದ, ಆ ಕಡೆ ಹೋಗಿ ಮತ್ತೆ ನಿಲ್ಲೋವರೆಗಿನ ಟೈಮು, ನಮ್ಮ ಲೈನಲ್ಲಿ ಬ್ಲಾಕ್ ಟೈಮ್ ಅಂತೀವಿ. ರನ್‌ವೇ ತನಕ ನೆಲದ ಮೇಲೆ ಉರುಳಬೇಕು, ಸರದಿ ಕಾಯಬೇಕು, ಮೇಲೆ ಏರೋವಾಗ ಆ 500 ಸ್ಪೀಡು ಬರೋದೇ ಇಲ್ಲ. ಇನ್ನು ಬೆಂಗಳೂರಿನ ಎರಡೂ ರನ್‌ವೇ ಪೂರ್ವ-ಪಶ್ಚಿಮ, ವಿಮಾನ ಇಳಿಯೋದು ಗಾಳಿಗೆ ಎದುರಾಗಿ, ಮುಂಗಾರಲ್ಲಿ ಪಶ್ಚಿಮದ ಗಾಳಿ ಬೀಸ್ತಿದ್ರೆ ಶಿವಮೊಗ್ಗದಿಂದ ಬಂದ ವಿಮಾನ ಏರ್‌ಪೋರ್ಟ್ ದಾಟಿ ಪೂರ್ವಕ್ಕೆ ಹೋಗಿ, ಸುತ್ತು ಹೊಡೆದು ವಾಪಸ್ ಬಂದು ಇಳೀಬೇಕು. ನಿಮ್ಮ ಗೆರೆಯಲ್ಲಿ ಆ ಸುತ್ತು ಎಲ್ಲಿದೆ? ಹರಿಹರ ಇಲ್ಲಿಂದ 14 ಕಿಲೋಮೀಟರ್, 60ರಲ್ಲಿ ಹೋದ್ರೆ 14 ನಿಮಿಷ. ಯಾವತ್ತಾದ್ರೂ ಬಸ್ಸಲ್ಲಿ ಹೋಗಿದೀರಾ ಅಷ್ಟರಲ್ಲಿ?

ಬರೀ ಕುತೂಹಲಕ್ಕೆ ಕೇಳಿದ್ರೆ ನಂಗೇನೂ ಬೇಜಾರಿಲ್ಲ, ಆದ್ರೆ ಈ 29 ನಿಮಿಷ ನಂಬ್ಕೊಂಡು ಮುಂದಿನ ವಿಮಾನ ಬುಕ್ ಮಾಡ್ತಾರಲ್ಲ, ಅಲ್ಲೇ ನಂಗೆ ತಲೆ ಕೆಡೋದು. ಅದೇ ಯಜಮಾನ್ರು, ನಾಲ್ಕಕ್ಕೆ ಶಿವಮೊಗ್ಗ ಬಿಟ್ರೆ ನಾಲ್ಕೂವರೆಗೆ ಬೆಂಗಳೂರು ಅಂತ ಲೆಕ್ಕ ಹಾಕಿ, ಮಗನ ಕೈಲಿ ಬೇರೆ ಕಂಪನಿಯ ಆರು ಗಂಟೆ ಅಹಮದಾಬಾದ್ ಟಿಕೆಟ್ ಬೇರೆಯಾಗಿ ಮಾಡಿಸಿದ್ರು. ವಿಮಾನ ಒಂದು ನಿಮಿಷನೂ ಲೇಟಾಗಿಲ್ಲ, ಟಿಕೆಟ್ಟಲ್ಲಿದ್ದಂಗೆ ಐದೂ ಹತ್ತಕ್ಕೆ ನಿಂತಿದೆ. ಬಸ್ಸಲ್ಲಿ ಟರ್ಮಿನಲ್‌ಗೆ ಬಂದು, ಬೆಲ್ಟ್ ಹತ್ರ ಸೀರೆ ಸ್ಯಾಂಪಲ್ ಬ್ಯಾಗಿಗೆ ಕಾದು, ಓಡಿ ಕೌಂಟರ್ ಮುಟ್ಟೋ ಹೊತ್ತಿಗೆ ಐದೂ ಮುಕ್ಕಾಲು. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ ಗಂಟೆ ಮುಂಚೆನೇ ಮುಚ್ಚುತ್ತೆ. ಅಲ್ಲಿಂದ್ಲೇ ನಂಗೆ ಫೋನ್, "ಏನಾದ್ರೂ ಮಾಡ್ರೀ" ಅಂತ. ಏನ್ ಮಾಡ್ಲಿ?

ಒಂದೇ ಟಿಕೆಟ್ಟಲ್ಲಿ ಎರಡೂ ವಿಮಾನ ಇದ್ರೆ, ಮೊದಲನೇದು ಲೇಟಾಗಿ ಎರಡನೇದು ತಪ್ಪಿದ್ರೆ ಕಂಪನಿ ಬೇರೆ ದಾರಿ ನೋಡುತ್ತೆ. ಬೇರೆ ಬೇರೆ ಮಾಡಿಸಿದ್ರೆ ತಪ್ಪಿದ್ದು ನಿಮ್ಮ ತಲೆ ಮೇಲೆ. ಹಂಗೆ ಮಾಡಿಸಲೇಬೇಕು ಅಂದ್ರೆ ನಡುವೆ ಮೂರು ಗಂಟೆ ಇಟ್ಕೊಳ್ಳಿ ಅಂತೀನಿ, ಮಳೆಗಾಲದಲ್ಲಿ ಅದೂ ಸಾಲ್ದೇ ಹೋಗ್ಬಹುದು, ಗ್ಯಾರಂಟಿ ಅಂತೂ ನಾನು ಕೊಡಲ್ಲ.

ಈಗ ಟಿಕೆಟ್ ಪ್ರಿಂಟ್ ಮೇಲೆ ನಾನೇ ಪೆನ್ನಲ್ಲಿ ಮನೆ ಬಿಡೋ ಟೈಮ್ ಬರೆದು ಕೊಡ್ತೀನಿ. ಸೋಗಾನೆ ಏರ್‌ಪೋರ್ಟ್ ಇರೋದು ಶಿವಮೊಗ್ಗ ದಾಟಿ ಆ ಕಡೆ, ಊರೊಳಗಿನ ಟ್ರಾಫಿಕ್ಕೂ ಲೆಕ್ಕಕ್ಕೆ ಹಿಡೀಬೇಕು. ಆ ಯಜಮಾನ್ರಿಗೆ ಮಾತ್ರ ಅರ್ಧ ಗಂಟೆ ಮುಂಚಿನ ಟೈಮ್ ಬರೀತೀನಿ, ಹೊನ್ನಾಳಿಯಲ್ಲಿ ಕಾರ್ ನಿಲ್ಲಿಸಿ ಟೀ ಕುಡೀದೆ ಅವರು ಮುಂದೆ ಹೋಗಲ್ಲ.