ಚಂದ್ರನಿಂದ ವಾಪಸ್ ಬರುವ ಲೆಕ್ಕ

2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಇವತ್ತಿಗೂ ಅಲ್ಲೇ ಇದೆ. ಅದು ವಾಪಸ್ ಬರಬೇಕಿರಲಿಲ್ಲ. ಆದರೆ ಮನುಷ್ಯರನ್ನು ಕಳಿಸಿದರೆ ಕರೆದುಕೊಂಡೂ ಬರಬೇಕು, ಅಲ್ವಾ? ಇದೊಂದರಿಂದಲೇ ಇಡೀ ಲೆಕ್ಕ ಬದಲಾಗುತ್ತದೆ. ಮನುಷ್ಯರನ್ನು ಮೊದಲ ಬಾರಿಗೆ ಚಂದ್ರನ ಮೇಲೆ ಇಳಿಸಿದ 1969ರ ಅಪೊಲೊ 11ರ ಬಗ್ಗೆ ಓದಿದಾಗಲೆಲ್ಲ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇಳಿದ ಕ್ಷಣವಲ್ಲ, ವಾಪಸ್ ಬರಲು ಮಾಡಿಕೊಂಡಿದ್ದ ಏರ್ಪಾಡು.

ಚಂದ್ರನಿಂದ ಮೇಲೇಳಲು ಇಂಧನ ಬೇಕು. ಅದನ್ನು ಇಲ್ಲಿಂದಲೇ ಹೊತ್ತೊಯ್ಯಬೇಕು. ಹಾಗೆ ಹೊತ್ತೊಯ್ಯಲು ಇನ್ನೂ ಜಾಸ್ತಿ ಇಂಧನ ಬೇಕು. ಇಡೀ ನೌಕೆಯನ್ನೇ ಚಂದ್ರನ ಮೇಲೆ ಇಳಿಸಿ ಎಬ್ಬಿಸುವುದಾದರೆ ಊಹೆಗೂ ಮೀರಿದ ರಾಕೆಟ್ ಕಟ್ಟಬೇಕಾಗುತ್ತಿತ್ತು. ನಾಸಾದ ಎಂಜಿನಿಯರ್ ಜಾನ್ ಹೂಬೋಲ್ಟ್ ಬೇರೆ ದಾರಿಯ ಪರ ವಾದಿಸಿದರು. ಬೆಟ್ಟ ಹತ್ತುವವರು ಭಾರದ ಗಂಟನ್ನು ತಪ್ಪಲಲ್ಲೇ ಬಿಟ್ಟು ಹೋಗುವ ಹಾಗೆ, ಮನೆಗೆ ಮರಳುವ ನೌಕೆಯನ್ನು ಚಂದ್ರನ ಸುತ್ತ ತಿರುಗಲು ಬಿಟ್ಟು, ಒಂದು ಪುಟ್ಟ ವಾಹನದಲ್ಲಿ ಇಬ್ಬರು ಮಾತ್ರ ಕೆಳಗಿಳಿಯಬೇಕು ಎಂದರು. ಮೊದಲು ಹೆಚ್ಚಿನವರು ಒಪ್ಪಲಿಲ್ಲ. ಹೂಬೋಲ್ಟ್ ಸುಮ್ಮನಾಗಲಿಲ್ಲ, ತಮ್ಮ ಮೇಲಧಿಕಾರಿಗಳನ್ನು ದಾಟಿ ನೇರವಾಗಿ ನಾಸಾದ ಹಿರಿಯರಿಗೇ ಪತ್ರ ಬರೆದರು. 1962ರಲ್ಲಿ ನಾಸಾ ಆ ದಾರಿಯನ್ನೇ ಆರಿಸಿಕೊಂಡಿತು. ಅವರ ಆ ಹಟ ಇಲ್ಲದಿದ್ದರೆ 1969ರಲ್ಲಿ ಯಾರೂ ಚಂದ್ರನ ಮೇಲೆ ಕಾಲಿಡುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಆದರೂ ರಾಕೆಟ್ ಸಣ್ಣದೇನಲ್ಲ. ಸ್ಯಾಟರ್ನ್ 5ರ ಎತ್ತರ ಸುಮಾರು 110 ಮೀಟರ್, ತೂಕ ಹತ್ತಿರ ಹತ್ತಿರ 3,000 ಟನ್. ಅದರಲ್ಲಿ ಬಹುಪಾಲು ಬರೀ ಇಂಧನ. ಜುಲೈ 16ರಂದು ಫ್ಲಾರಿಡಾದಿಂದ ಹಾರಿತು. ಮೊದಲ ಹಂತ ಎರಡೂವರೆ ನಿಮಿಷ ಉರಿದು ಕಳಚಿ ಬಿತ್ತು. ಹನ್ನೆರಡು ನಿಮಿಷದೊಳಗೆ ಭೂಮಿಯ ಕಕ್ಷೆ ಸೇರಿದ್ದಾಯಿತು. ಸುಮಾರು ಒಂದೂವರೆ ಸುತ್ತು ಬಂದ ಮೇಲೆ ಮೂರನೇ ಹಂತ ಮತ್ತೆ ಉರಿದು, ನೌಕೆಯನ್ನು ಚಂದ್ರನ ಕಡೆಗೆ ತಳ್ಳಿತು. ಆ ದಾರಿಯಲ್ಲೂ ಒಂದು ಜಾಣತನವಿತ್ತು. ಚಂದ್ರನ ಹತ್ತಿರ ಎಂಜಿನ್ ಕೈಕೊಟ್ಟರೆ ನೌಕೆ ಚಂದ್ರನನ್ನು ಬಳಸಿಕೊಂಡು ತಾನಾಗಿಯೇ ಭೂಮಿಯ ಕಡೆ ತಿರುಗುವಂತೆ ಅದನ್ನು ಲೆಕ್ಕ ಹಾಕಿದ್ದರು.

ಜುಲೈ 19ರಂದು ಚಂದ್ರನ ಮರೆಯಲ್ಲಿ, ಭೂಮಿಯ ಜೊತೆ ರೇಡಿಯೊ ಸಂಪರ್ಕವೇ ಇಲ್ಲದ ಜಾಗದಲ್ಲಿ, ಎಂಜಿನ್ ಉರಿಸಿ ವೇಗ ಇಳಿಸಿದರು. ನೌಕೆ ಚಂದ್ರನ ಕಕ್ಷೆಗೆ ಬಂತು. ಮರುದಿನ ನೀಲ್ ಆರ್ಮ್‌ಸ್ಟ್ರಾಂಗ್, ಬಝ್ ಆಲ್ಡ್ರಿನ್ ಆ ಪುಟ್ಟ ವಾಹನ 'ಈಗಲ್' ಹತ್ತಿ ಕೆಳಗಿಳಿದರು. ಮೈಕಲ್ ಕಾಲಿನ್ಸ್ ಮೇಲೆ ಒಬ್ಬರೇ ಉಳಿದರು. ಇಳಿಯುವಾಗ ಕಂಪ್ಯೂಟರ್ ಮತ್ತೆ ಮತ್ತೆ 1202 ಅನ್ನುವ ಎಚ್ಚರಿಕೆ ಕೊಟ್ಟಿತು. ಕೆಲಸ ಕೈಮೀರಿದೆ, ಮುಖ್ಯವಲ್ಲದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮಾಡುತ್ತಿದ್ದೇನೆ ಎಂದು ಅದರ ಅರ್ಥ. ಗಣಕದ ಆ ಗುಣ ಗೊತ್ತಿದ್ದ ಹ್ಯೂಸ್ಟನ್‌ನ ನಿಯಂತ್ರಣ ಕೇಂದ್ರದ ತಂಡ ಮುಂದುವರಿಯಲು ಹೇಳಿತು. ಕೆಳಗೆ ಬಂಡೆಗಳು ಕಂಡಾಗ ಆರ್ಮ್‌ಸ್ಟ್ರಾಂಗ್ ತಾವೇ ನಡೆಸಿಕೊಂಡು ಮುಂದೆ ಹೋಗಿ ಇಳಿಸಿದರು. ಇಳಿಯುವ ಇಂಧನ ಒಂದು ನಿಮಿಷಕ್ಕೂ ಸಾಲದಷ್ಟು ಉಳಿದಿತ್ತು.

ಹೊರಗೆ ಓಡಾಡಿದ್ದು ಸುಮಾರು ಎರಡೂವರೆ ಗಂಟೆ, ತಂದದ್ದು 21.5 ಕಿಲೊ ಕಲ್ಲು ಮಣ್ಣು.

ನಿಜವಾದ ಪರೀಕ್ಷೆ ಆಮೇಲಿನದು. ಈಗಲ್‌ನಲ್ಲಿ ಎರಡು ಭಾಗ. ಕೆಳಗಿನದು ಇಳಿಯಲು, ಮೇಲಿನದು ಏರಲು. ಏರುವ ಎಂಜಿನ್ ಒಂದೇ ಒಂದು, ಬದಲಿ ಇಲ್ಲ. ಅದಕ್ಕೇ ಅದನ್ನು ಆದಷ್ಟು ಸರಳವಾಗಿ ಮಾಡಿದ್ದರು. ಪಂಪ್ ಇಲ್ಲ, ಹೀಲಿಯಂ ಅನಿಲದ ಒತ್ತಡವೇ ಇಂಧನವನ್ನು ತಳ್ಳುತ್ತದೆ. ಕಿಡಿ ಹೊತ್ತಿಸುವ ಸಾಧನವೂ ಇಲ್ಲ, ಎರಡು ದ್ರವಗಳು ಒಂದಕ್ಕೊಂದು ತಾಗಿದರೆ ಸಾಕು, ಉರಿ ಏಳುತ್ತದೆ. ಕೆಡಲು ಭಾಗಗಳೇ ಕಡಿಮೆ. ಇಷ್ಟಾದರೂ, ಅದು ಹೊತ್ತದಿದ್ದರೆ ಅಂತ ಅಧ್ಯಕ್ಷ ನಿಕ್ಸನ್‌ಗೆ ಒಂದು ಶೋಕದ ಭಾಷಣವನ್ನೂ ಮೊದಲೇ ಬರೆದಿಟ್ಟಿದ್ದರು. ಹೊರಡುವ ಮುಂಚೆ ನೋಡಿದರೆ ಆ ಎಂಜಿನ್‌ಗೆ ಬೇಕಾದ ಒಂದು ಸ್ವಿಚ್ ಮುರಿದಿತ್ತು. ಆಲ್ಡ್ರಿನ್ ಪೆನ್ನಿನ ತುದಿಯಿಂದ ಅದನ್ನು ಒಳಗೆ ಒತ್ತಿದರು. ಎಂಜಿನ್ ಹೊತ್ತಿತು. ಏಳು ನಿಮಿಷದಲ್ಲಿ ಚಂದ್ರನ ಕಕ್ಷೆ, ಇನ್ನೂ ಮೂರೂವರೆ ಗಂಟೆ ದಾಟುವ ಹೊತ್ತಿಗೆ ಕಾಲಿನ್ಸ್ ಇದ್ದ ನೌಕೆಯ ಜೊತೆ ಜೋಡಣೆ. ಖಾಲಿಯಾದ ಈಗಲ್ ಅನ್ನು ಅಲ್ಲೇ ಬಿಟ್ಟರು.

ಮನೆಯ ದಾರಿ ಹಿಡಿಸಿದ್ದೂ ಒಂದೇ ಎಂಜಿನ್, ಅದೂ ಚಂದ್ರನ ಮರೆಯಲ್ಲೇ. ಜುಲೈ 24ರಂದು ಸೆಕೆಂಡಿಗೆ 11 ಕಿಲೊಮೀಟರ್ ವೇಗದಲ್ಲಿ ವಾತಾವರಣ ಸೇರುವಾಗ ಕೋನ ಸುಮಾರು ಆರೂವರೆ ಡಿಗ್ರಿ ಇರಬೇಕಿತ್ತು. ತೀರಾ ಕಡಿದಾದರೆ ಬಿಸಿ, ಒತ್ತಡ ತಡೆಯಲಾಗದು. ತೀರಾ ಓರೆಯಾದರೆ ನೌಕೆ ಮತ್ತೆ ಆಕಾಶಕ್ಕೆ ಜಾರಿ ಹೋಗುತ್ತದೆ. ತಳದ ಕವಚ ತಾನು ಕರಗಿ ಉರಿದು, ಆ ಬಿಸಿಯನ್ನು ಹೊತ್ತುಕೊಂಡೇ ಕಳಚುತ್ತಾ ಹೋಗಿ ಒಳಗಿದ್ದವರನ್ನು ಕಾಪಾಡಿತು. ಆಮೇಲೆ ಮೂರು ದೊಡ್ಡ ಪ್ಯಾರಾಚೂಟ್‌ಗಳು, ಪೆಸಿಫಿಕ್ ಸಾಗರದ ನೀರು, ಕಾದಿದ್ದ ಹಾರ್ನೆಟ್ ಹಡಗು. ಹೊರಟ 3,000 ಟನ್‌ನಲ್ಲಿ ಮರಳಿ ಬಂದದ್ದು ಸುಮಾರು 5 ಟನ್.

ಅಷ್ಟಾದರೂ ಮೂವರನ್ನೂ ಮನೆಗೆ ಬಿಡಲಿಲ್ಲ. ಚಂದ್ರನಿಂದ ಯಾವುದಾದರೂ ಸೂಕ್ಷ್ಮಜೀವಿ ಅಂಟಿಕೊಂಡು ಬಂದಿದ್ದರೆ ಎಂಬ ಅಂಜಿಕೆ. ಪ್ರತ್ಯೇಕವಾಗಿಟ್ಟು ಪರೀಕ್ಷೆ ಮಾಡಿ, ಆಗಸ್ಟ್ 10ರಂದು ಹೊರಗೆ ಬಿಟ್ಟರು.