ಮೂಳೆಯೊಳಗಿನ ಅಗೆತ ಮತ್ತು ವಾರಕ್ಕೊಂದು ಮಾತ್ರೆ

ನಮ್ಮ ದೊಡ್ಡಮ್ಮನಿಗೆ 67 ವರ್ಷ. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ, ಬೀಳುವಾಗ ಕೈ ಊರಿ, ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅದನ್ನು ಎಲ್ಲರೂ ಮರೆತೆವು. ಈಚೆಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದಾಗ ಟಿ-ಸ್ಕೋರ್ ಮೈನಸ್ 2.2 ಅಂತ ಬಂತು, ಕೆಳಗೆ ಆಸ್ಟಿಯೋಪೀನಿಯಾ ಎಂದು ಬರೆದಿತ್ತು, ಅಂದರೆ ಮೂಳೆ ತೆಳುವಾಗಿದೆ, ಆದರೆ ಆಸ್ಟಿಯೋಪೊರೋಸಿಸ್ ಅನ್ನುವಷ್ಟಲ್ಲ. "ಮೈನಸ್ 2.5 ದಾಟಿದ್ರೆ ತಾನೇ ಕಾಯಿಲೆ? ನಂದಿನ್ನೂ ಗಡಿ ದಾಟಿಲ್ಲ ಕಣೋ" ಎಂದು ಖುಷಿಯಿಂದ ಫೋನ್ ಮಾಡಿದರು. ಆದರೆ ಡಾಕ್ಟರು ವಾರಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಪೊಟ್ಟಣದೊಳಗಿನ ಚೀಟಿಯಲ್ಲಿ ದವಡೆ ಮೂಳೆ ಸಾಯಬಹುದು, ತೊಡೆ ಮೂಳೆ ಮುರಿಯಬಹುದು ಅಂತೆಲ್ಲ ಇತ್ತು. "ಮೂಳೆ ಉಳಿಸೋ ಮಾತ್ರೆನೇ ಮೂಳೆ ಮುರಿಯುತ್ತಂತೆ. ಸುಮ್ನೆ ಕ್ಯಾಲ್ಸಿಯಂ ತಗೊಂಡ್ರೆ ಸಾಲ್ದಾ?"

ಈ ಪ್ರಶ್ನೆಗೆ ನಾನು ಫೋನಿನಲ್ಲೇ ಉತ್ತರ ಹೇಳಲು ಹೋಗಿ ಮುಕ್ಕಾಲು ಗಂಟೆ ಮಾತಾಡಿದೆ. ಆಗ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೆಟ್ಟಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಪದದ ಗೊಂದಲ. ಕನ್ನಡದಲ್ಲಿ 'ಮೂಳೆ ಸವೆತ' ಅಂತ ಎರಡು ಬೇರೆ ಬೇರೆ ತೊಂದರೆಗಳಿಗೆ ಹೇಳುತ್ತೇವೆ. ಮಂಡಿ ನೋವು ಬಂದು ಮೆಟ್ಟಿಲು ಹತ್ತಲಾಗದಿದ್ದರೆ ಅದೂ ಸವೆತ, ಆಸ್ಟಿಯೋಪೊರೋಸಿಸ್ ಬಂದರೆ ಅದೂ ಸವೆತ. ಮಂಡಿಯಲ್ಲಿ ಸವೆಯುವುದು ಕೀಲಿನ ಮೆತ್ತೆ, ಅಂದರೆ ಮೃದ್ವಸ್ಥಿ. ಆಸ್ಟಿಯೋಪೊರೋಸಿಸ್‌ನಲ್ಲಿ ಮೂಳೆ ಒಳಗಿನಿಂದ ಟೊಳ್ಳಾಗುತ್ತದೆ. ಮೊದಲನೆಯದು ದಿನಾ ನೋಯುತ್ತದೆ. ಎರಡನೆಯದು ಮುರಿಯುವ ತನಕ ನೋಯುವುದೇ ಇಲ್ಲ. ನೋವಿಲ್ಲ ಅಂದರೆ ಮೂಳೆ ಗಟ್ಟಿ ಇದೆ ಎಂದು ನಂಬಿದವರು ಎಷ್ಟು ಜನ! ಬೆನ್ನುಮೂಳೆಯ ಬಿಲ್ಲೆಗಳು (ಒಂದರ ಮೇಲೊಂದು ಕೂತ ಸಣ್ಣ ಮೂಳೆಗಳು) ಕುಸಿದಾಗಲೂ ಸುಮಾರು ಮೂರರಲ್ಲಿ ಒಂದು ಮಾತ್ರ ಡಾಕ್ಟರ ಗಮನಕ್ಕೆ ಬರುತ್ತದೆ. ಉಳಿದದ್ದು 'ವಯಸ್ಸಾಯ್ತು, ಬೆನ್ನು ಬಾಗಿತು' ಎಂಬ ಲೆಕ್ಕಕ್ಕೆ ಹೋಗುತ್ತದೆ.

ಈಗ ನನಗೆ ಅತಿ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಮೂಳೆಯನ್ನು ನಾವು ಕಲ್ಲಿನ ಹಾಗೆ ಯೋಚಿಸುತ್ತೇವೆ. ಅದು ಕಲ್ಲಲ್ಲ, ಸದಾ ರಿಪೇರಿ ನಡೆಯುತ್ತಿರುವ ರಸ್ತೆ. ದೊಡ್ಡವರ ದೇಹದಲ್ಲಿ ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಮೂಳೆ ಹೊಸದಾಗುತ್ತದೆ. ನೀವು ಹತ್ತು ವರ್ಷದ ಹಿಂದೆ ನಿಂತಿದ್ದ ಮೂಳೆಯ ಬಹುಪಾಲು ಈಗ ನಿಮ್ಮಲ್ಲಿ ಇಲ್ಲ.

ಈ ರಿಪೇರಿಗೆ ಎರಡು ಗ್ಯಾಂಗುಗಳಿವೆ. ಅಗೆಯುವವರು ಆಸ್ಟಿಯೋಕ್ಲಾಸ್ಟ್ ಕೋಶಗಳು, ತುಂಬುವವರು ಆಸ್ಟಿಯೋಬ್ಲಾಸ್ಟ್ ಕೋಶಗಳು. ಅಗೆಯುವ ಒಂದು ಕೋಶವನ್ನು ಹತ್ತಿರದಿಂದ ನೋಡಿ. ಅದು ಬಿಳಿ ರಕ್ತಕಣಗಳ ಸಂಬಂಧಿಕ. ಹಲವು ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಹುಟ್ಟಿದ ದೈತ್ಯ, ಹಾಗಾಗಿ ಒಳಗೆ ಹಲವು ಕೇಂದ್ರಗಳಿರುತ್ತವೆ. ಮೂಳೆಯ ಮೇಲೆ ಬಟ್ಟಲು ಬೋರಲು ಹಾಕಿದ ಹಾಗೆ ಕೂರುತ್ತದೆ. ಅಂಚನ್ನು ಸುತ್ತಲೂ ಬಿಗಿಯಾಗಿ ಅಂಟಿಸಿಕೊಳ್ಳುತ್ತದೆ, ಹನಿಯೂ ಆಚೆ ಸೋರದ ಹಾಗೆ. ಆಮೇಲೆ ಆ ಮುಚ್ಚಿದ ಜಾಗಕ್ಕೆ ಆಮ್ಲ ಸುರಿಯುತ್ತದೆ. ಆಮ್ಲಕ್ಕೆ ಕ್ಯಾಲ್ಸಿಯಂ ಕರಗುತ್ತದೆ, ಉಳಿದ ನಾರಿನಂಥ ಕೊಲಾಜೆನ್ನನ್ನು ಒಂದು ಕಿಣ್ವ ಕತ್ತರಿಸುತ್ತದೆ. ಎರಡು ಮೂರು ವಾರದಲ್ಲಿ ಅಲ್ಲೊಂದು ಸಣ್ಣ ಗುಳಿ. ಅಗೆಯುವವರು ಹೋದ ಮೇಲೆ ತುಂಬುವವರು ಬರುತ್ತಾರೆ. ಅದೇ ಗುಳಿ ತುಂಬಲು ಅವರಿಗೆ ಮೂರು ನಾಲ್ಕು ತಿಂಗಳು ಬೇಕು.

ಇಲ್ಲೇ ಇರುವುದು ಎಲ್ಲ ಗುಟ್ಟು. ಅಗೆಯಲು ವಾರಗಳು, ತುಂಬಲು ತಿಂಗಳುಗಳು. ಒಂದೇ ಸಲ ಊರಿನ ಎಲ್ಲ ರಸ್ತೆ ಅಗೆದರೆ ಏನಾಗುತ್ತದೆ ಯೋಚಿಸಿ. ತುಂಬುವವರು ಸೋಮಾರಿಗಳೇನಲ್ಲ, ಆದರೂ ಗುಂಡಿಗಳು ಹೆಚ್ಚುತ್ತಲೇ ಹೋಗುತ್ತವೆ. ಅಥವಾ ಬ್ಯಾಂಕಿನ ಪಾಸ್‌ಬುಕ್ ನೆನೆಸಿಕೊಳ್ಳಿ. ಪ್ರತಿ ತಿಂಗಳೂ ನೂರು ತೆಗೆದು ತೊಂಬತ್ತೆಂಟು ಕಟ್ಟುವವನಿಗೆ ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ. ವ್ಯವಹಾರ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ, ಅಷ್ಟೇ. ಹೆಂಗಸರಲ್ಲಿ ಈಸ್ಟ್ರೋಜೆನ್ ಅಗೆಯುವವರಿಗೆ ಬ್ರೇಕ್ ಆಗಿರುತ್ತದೆ. ಮುಟ್ಟು ನಿಂತಾಗ ಬ್ರೇಕ್ ಬಿಡುತ್ತದೆ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ಆಸುಪಾಸಿನಲ್ಲೇ ಈ ನಂಟನ್ನು ಗುರುತಿಸಿದ್ದರು. ಮುಟ್ಟು ನಿಂತ ಐದಾರು ವರ್ಷದಲ್ಲೇ ಕೆಲವರು ಮೂಳೆಯ ಐದನೇ ಒಂದು ಭಾಗದವರೆಗೂ ಕಳೆದುಕೊಳ್ಳುತ್ತಾರೆ. ಗಂಡಸರಿಗೂ ಇದು ಬರುತ್ತದೆ, ತಡವಾಗಿ ಅಷ್ಟೇ. ಬಹಳ ಕಾಲ ಸ್ಟೀರಾಯ್ಡ್ ಮಾತ್ರೆ ತಗೊಂಡವರಿಗೆ ಯಾವ ವಯಸ್ಸಿನಲ್ಲೂ ಬರಬಹುದು.

ಈಗ ದೊಡ್ಡಮ್ಮನ ಕ್ಯಾಲ್ಸಿಯಂ ಪ್ರಶ್ನೆ. ಕ್ಯಾಲ್ಸಿಯಂ ಇಟ್ಟಿಗೆ, ವಿಟಮಿನ್ ಡಿ ಅದನ್ನು ಒಳಗೆ ತರುವ ಗಾಡಿ. ಎರಡೂ ಬೇಕು. ಕಮ್ಮಿಯಿದ್ದರೆ ಮೊದಲು ಸರಿಮಾಡಲೇಬೇಕು. ಆದರೆ ಗೋಡೆ ಒಡೆಯುವವರು ಮನೆಯಲ್ಲಿ ತುಂಬಿರುವಾಗ ಅಂಗಳದಲ್ಲಿ ಇಟ್ಟಿಗೆ ರಾಶಿ ಹಾಕಿದರೆ ಗೋಡೆ ನಿಲ್ಲುವುದಿಲ್ಲ. ಇದು ನನ್ನ ಊಹೆಯಲ್ಲ. 2007ರಲ್ಲಿ ಪ್ರಕಟವಾದ ಹೊರೈಜನ್ ಎಂಬ ದೊಡ್ಡ ಪರೀಕ್ಷೆಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಹೆಂಗಸರಿದ್ದರು. ಅವರೆಲ್ಲರಿಗೂ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟರು. ಅರ್ಧ ಜನಕ್ಕೆ ಅದರ ಜೊತೆ ವರ್ಷಕ್ಕೊಮ್ಮೆ ಜೋಲೆಡ್ರೋನಿಕ್ ಆಮ್ಲದ ಡ್ರಿಪ್, ಉಳಿದವರಿಗೆ ಔಷಧಿಯಿಲ್ಲದ ಡ್ರಿಪ್. ಮೂರು ವರ್ಷದಲ್ಲಿ ಬರೀ ಕ್ಯಾಲ್ಸಿಯಂ ಗುಂಪಿನ ನೂರರಲ್ಲಿ ಸುಮಾರು 11 ಜನಕ್ಕೆ ಬೆನ್ನುಮೂಳೆ ಹೊಸದಾಗಿ ಮುರಿದಿತ್ತು. ಔಷಧಿ ಗುಂಪಿನಲ್ಲಿ ಮೂರು ಚಿಲ್ಲರೆ.

ಹಾಗಾದರೆ ಆ ಔಷಧಿ ಏನು ಮಾಡುತ್ತದೆ? ಇದರ ಕಥೆ ಶುರುವಾಗುವುದು ನೀರಿನ ಪೈಪಿನಲ್ಲಿ. ಗಡುಸು ನೀರು ಹರಿಯುವ ಪೈಪಿನ ಒಳಗೆ ಬಿಳಿ ಪದರ ಕಟ್ಟುತ್ತದಲ್ವಾ, ಅದು ಕಟ್ಟದಿರಲಿ ಎಂದು ನೀರಿಗೆ ಚೂರೇ ಚೂರು ಪೈರೋಫಾಸ್ಫೇಟ್‌ನಂಥ ರಾಸಾಯನಿಕ ಹಾಕುತ್ತಿದ್ದರು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹರ್ಬರ್ಟ್ ಫ್ಲೈಶ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಯೋಚಿಸಿದ್ದು ಇದನ್ನೇ: ನಮ್ಮ ರಕ್ತದಲ್ಲೂ ಮೂತ್ರದಲ್ಲೂ ಇಷ್ಟೊಂದು ಕ್ಯಾಲ್ಸಿಯಂ ಇದೆ, ಅದು ಕಂಡಕಂಡಲ್ಲಿ ಕಲ್ಲಾಗದೆ ಇರುವುದು ಹೇಗೆ? ಹುಡುಕಿದರೆ ದೇಹದಲ್ಲೂ ಅದೇ ಪೈರೋಫಾಸ್ಫೇಟ್ ಇತ್ತು! ಆದರೆ ಅದನ್ನು ಔಷಧಿಯಾಗಿ ಕೊಟ್ಟರೆ ದೇಹದ ಕಿಣ್ವಗಳು ಕ್ಷಣದಲ್ಲಿ ಒಡೆದುಹಾಕುತ್ತವೆ. ಅದರ ನಡುವೆ ಇದ್ದ ಒಂದು ಆಮ್ಲಜನಕ ತೆಗೆದು ಅಲ್ಲಿ ಇಂಗಾಲ ಕೂರಿಸಿದರೆ? ಆಗ ಯಾವ ಕಿಣ್ವಕ್ಕೂ ಒಡೆಯಲು ಆಗುವುದಿಲ್ಲ. ಅಂಥ ಸಂಯುಕ್ತಗಳು ಹತ್ತೊಂಬತ್ತನೇ ಶತಮಾನದಿಂದಲೇ ರಸಾಯನಶಾಸ್ತ್ರಜ್ಞರ ಕೈಯಲ್ಲಿದ್ದವು. ಇವೇ ಬಿಸ್‌ಫಾಸ್ಫೊನೇಟ್‌ಗಳು. ಫ್ಲೈಶ್ ಮತ್ತು ಜೊತೆಗಾರರು 1969ರಲ್ಲಿ ಇದನ್ನು ಪ್ರಕಟಿಸಿದರು. ಹೊರೈಜನ್ ಪರೀಕ್ಷೆಯ ಜೋಲೆಡ್ರೋನಿಕ್ ಆಮ್ಲವೂ ದೊಡ್ಡಮ್ಮನಿಗೆ ಬರೆದ ಅಲೆಂಡ್ರೊನೇಟೂ ಇದೇ ಕುಟುಂಬದ್ದು. ಅಲೆಂಡ್ರೊನೇಟ್‌ಗೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು.

ಈ ಔಷಧಿ ಕೆಲಸ ಮಾಡುವ ರೀತಿ ನನಗೆ ಇವತ್ತಿಗೂ ಬೆರಗು. ಅದು ಕ್ಯಾಲ್ಸಿಯಂ ಕಂಡರೆ ಅಂಟುತ್ತದೆ, ಹಾಗಾಗಿ ನೆಟ್ಟಗೆ ಮೂಳೆಗೇ ಹೋಗಿ ಕೂರುತ್ತದೆ. ಅಲ್ಲಿ ಸುಮ್ಮನೆ ಇರುತ್ತದೆ. ಅಗೆಯುವ ಕೋಶ ಬಂದು ಆಮ್ಲ ಸುರಿದು ಮೂಳೆ ಕರಗಿಸಿದಾಗ ಮಾತ್ರ ಬಿಡುಗಡೆಯಾಗಿ ಆ ಕೋಶದ ಹೊಟ್ಟೆ ಸೇರುತ್ತದೆ. ಒಳಗೆ ಹೋಗಿ ಒಂದು ಕಿಣ್ವವನ್ನು ತಡೆಯುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಡೆಯುವ ದಾರಿಯಲ್ಲೇ, ಕೆಲವು ಹೆಜ್ಜೆ ಕೆಳಗೆ. ಅಷ್ಟಾದರೆ ಆ ಕೋಶಕ್ಕೆ ಅಂಚು ಬಿಗಿಹಿಡಿದು ಕೂರಲು ಆಗುವುದಿಲ್ಲ, ಕೊನೆಗೆ ಸಾಯುತ್ತದೆ. ಅಂದರೆ ಅಗೆಯುವವನಿಗೆ ಮಾತ್ರ, ಅದೂ ಅಗೆದಾಗ ಮಾತ್ರ ತಾಗುವ ಔಷಧಿ. ಬೀಗ ಒಡೆದವನ ಕೈಗೆ ಮಾತ್ರ ಬಣ್ಣ ಹತ್ತುವ ಪೆಟ್ಟಿಗೆಯಿದ್ದ ಹಾಗೆ.

ಇನ್ನು ಮೈನಸ್ 2.5ರ ಗಡಿ. ಆರೋಗ್ಯವಂತ ಯುವತಿಯರ ಸರಾಸರಿಗಿಂತ ನಮ್ಮ ಮೂಳೆಯ ಸಾಂದ್ರತೆ ಎಷ್ಟು ಕೆಳಗಿದೆ ಎಂದು ಟಿ-ಸ್ಕೋರ್ ಹೇಳುತ್ತದೆ. ಈ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ತಂಡ 1994ರಲ್ಲಿ ಎಳೆಯಿತು. ಜನರಲ್ಲಿ ಎಷ್ಟು ಮಂದಿಗೆ ಈ ತೊಂದರೆ ಇದೆ ಎಂದು ಎಣಿಸಲು ಒಂದು ಗೆರೆ ಬೇಕೇ ಬೇಕು. ಆದರೆ ಮೂಳೆಗೆ ಆ ಗೆರೆ ಗೊತ್ತಿಲ್ಲ. ಮೈನಸ್ 2.4 ಇದ್ದ ರಾತ್ರಿ ಗಟ್ಟಿಯಿದ್ದದ್ದು ಮೈನಸ್ 2.5 ಆದ ಬೆಳಿಗ್ಗೆ ಪುಡಿಯಾಗುವುದಿಲ್ಲ. ಮುರಿತಗಳಲ್ಲಿ ಹೆಚ್ಚಿನವು ಆಗುವುದು ಗಡಿ ದಾಟದವರಲ್ಲೇ, ಯಾಕಂದರೆ ಅಂಥವರ ಸಂಖ್ಯೆ ಬಹಳ ದೊಡ್ಡದು. ಅದೇ ಸ್ಕೋರ್ 50ರ ವಯಸ್ಸಿನಲ್ಲಿ ಒಂದು ಅರ್ಥ, 75ರಲ್ಲಿ ಇನ್ನೊಂದು.

ಅದಕ್ಕೇ 2008ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಜಾನ್ ಕ್ಯಾನಿಸ್ ಮತ್ತು ತಂಡ ಫ್ರ್ಯಾಕ್ಸ್ ಎಂಬ ಲೆಕ್ಕಾಚಾರ ತಂದದ್ದು. ವಯಸ್ಸು, ತೂಕ, ಹಿಂದೆ ಮುರಿದಿದೆಯೇ, ತಂದೆ ತಾಯಿಗೆ ಸೊಂಟದ ಮೂಳೆ ಮುರಿದಿತ್ತೇ, ಸಿಗರೇಟು, ಸ್ಟೀರಾಯ್ಡ್ ಇಂಥವೆಲ್ಲ ಹಾಕಿದರೆ ಮುಂದಿನ ಹತ್ತು ವರ್ಷದಲ್ಲಿ ಮುರಿಯುವ ಸಾಧ್ಯತೆ ಶೇಕಡಾ ಎಷ್ಟು ಎಂದು ಬರುತ್ತದೆ. ಯಾವ ಸಂಖ್ಯೆ ದಾಟಿದರೆ ಔಷಧಿ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸೊಂಟಕ್ಕೆ 3, ಮುಖ್ಯ ಮುರಿತಗಳೆಲ್ಲ ಸೇರಿ 20. ದೊಡ್ಡಮ್ಮ ಮರೆತಿದ್ದ ಆ ಮಣಿಕಟ್ಟು ಇಲ್ಲಿ ಎದ್ದು ಕೂರುತ್ತದೆ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿದರೆ ಅದು ಬರೀ ಅಪಘಾತವಲ್ಲ, ಮೂಳೆ ಕೊಟ್ಟ ಸುದ್ದಿ. ಡಾಕ್ಟರು ಮಾತ್ರೆ ಬರೆದದ್ದು ಮೈನಸ್ 2.2 ನೋಡಿ ಅಲ್ಲ, ಆ ಹಳೆಯ ಎಕ್ಸ್-ರೇ ನೋಡಿ.

ಚೀಟಿಯಲ್ಲಿದ್ದ ಭಯಗಳು ಸುಳ್ಳಲ್ಲ. ಅವನ್ನು ಸುಳ್ಳು ಅನ್ನುವ ಡಾಕ್ಟರೂ ತಪ್ಪು, ಅದನ್ನೇ ಹಿಡಿದು ಔಷಧಿಯೆಲ್ಲ ವಿಷ ಎಂದು ಹಬ್ಬಿಸುವವರೂ ತಪ್ಪು. ಹಬ್ಬಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ, ಯಾಕಂದರೆ ಸೊಂಟದ ಮೂಳೆ ಮುರಿದ ವಯಸ್ಸಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಈ ಸಾವುಗಳ ಹೆಸರು ಯಾವ ಚೀಟಿಯಲ್ಲೂ ಇರುವುದಿಲ್ಲ.

ದವಡೆಯ ತೊಂದರೆ ಮೊದಲು ವರದಿಯಾದದ್ದು 2003ರಲ್ಲಿ, ಹೆಚ್ಚಾಗಿ ಕ್ಯಾನ್ಸರ್ ರೋಗಿಗಳಲ್ಲಿ. ಅವರಿಗೆ ಕೊಡುವ ಪ್ರಮಾಣ ಸುಮಾರು ಹತ್ತು ಪಟ್ಟು ಜಾಸ್ತಿ. ಮೂಳೆ ಟೊಳ್ಳಾಗುವುದಕ್ಕೆ ತಗೊಳ್ಳುವವರಲ್ಲಿ ವರ್ಷಕ್ಕೆ ಹತ್ತು ಸಾವಿರದಿಂದ ಲಕ್ಷ ಜನರಲ್ಲಿ ಒಬ್ಬರಿಗೆ ಆಗಬಹುದು. ಹಲ್ಲು ಕೀಳಿಸುವುದಿದ್ದರೆ ಔಷಧಿ ಶುರುಮಾಡುವ ಮೊದಲೇ ಮುಗಿಸಿಕೊಂಡರೆ ಒಳ್ಳೆಯದು.

ತೊಡೆಮೂಳೆಯದ್ದು ಇನ್ನೂ ಯೋಚಿಸಬೇಕಾದ ವಿಷಯ. ಅಗೆತ ಪೂರ್ತಿ ನಿಂತರೆ ದಿನನಿತ್ಯದ ಸಣ್ಣ ಬಿರುಕುಗಳೂ ರಿಪೇರಿಯಾಗದೆ ಉಳಿಯುತ್ತವೆ. ಹಲವು ವರ್ಷದ ಮೇಲೆ, ಅಪರೂಪಕ್ಕೆ, ತೊಡೆಯ ಮೂಳೆ ಅಡ್ಡಡ್ಡ ಮುರಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,96,000 ಹೆಂಗಸರನ್ನು ಗಮನಿಸಿ 2020ರಲ್ಲಿ ಲೆಕ್ಕ ಕೊಟ್ಟರು. ಹತ್ತು ಸಾವಿರ ಬಿಳಿಯ ಹೆಂಗಸರು ಮೂರು ವರ್ಷ ಔಷಧಿ ತಗೊಂಡರೆ 149 ಸೊಂಟದ ಮುರಿತ ತಪ್ಪುತ್ತದೆ, 2 ತೊಡೆಯ ಮುರಿತ ಆಗುತ್ತದೆ. ಏಷ್ಯಾ ಮೂಲದ ಹೆಂಗಸರಲ್ಲಿ 91 ತಪ್ಪುತ್ತದೆ, 8 ಆಗುತ್ತದೆ. ಲಾಭವೇ ಹೆಚ್ಚು, ಆದರೆ ಅಂತರ ಕಮ್ಮಿ. ಇದನ್ನು ಮುಚ್ಚಿಡಬಾರದು. ಔಷಧಿ ನಡೆಯುವಾಗ ತೊಡೆಯಲ್ಲೋ ತೊಡೆಸಂದಿಯಲ್ಲೋ ಕಾರಣವಿಲ್ಲದೆ ಮಂದ ನೋವು ಬಂದರೆ ತಕ್ಷಣ ಹೇಳಬೇಕು. ಔಷಧಿ ನಿಲ್ಲಿಸಿದರೆ ಈ ಅಪಾಯ ಬೇಗ ಇಳಿಯುತ್ತದೆ.

ನಿಲ್ಲಿಸಬಹುದಾ ಅಂದರೆ, ಬಿಸ್‌ಫಾಸ್ಫೊನೇಟ್ ಮೂಳೆಯಲ್ಲೇ ವರ್ಷಗಟ್ಟಲೆ ಉಳಿಯುವುದರಿಂದ ಅಪಾಯ ಕಮ್ಮಿ ಇರುವವರು ಐದು ವರ್ಷದ ಮೇಲೆ ಡಾಕ್ಟರನ್ನು ಕೇಳಿ ಬಿಡುವು ತಗೊಳ್ಳಬಹುದು. ಆರು ತಿಂಗಳಿಗೊಂದು ಇಂಜೆಕ್ಷನ್ ಕೊಡುವ ಡೆನೊಸುಮ್ಯಾಬ್ ಹಾಗಲ್ಲ. ಅದು ಅಗೆಯುವವರಿಗೆ ಬರುವ ಕರೆಯನ್ನೇ ದಾರಿಯಲ್ಲಿ ಹಿಡಿದಿಡುತ್ತದೆ. ಮೂಳೆಯಲ್ಲಿ ಉಳಿಯುವುದಿಲ್ಲ. ಬಿಟ್ಟ ಕೂಡಲೇ ತಡೆದಿದ್ದ ಕರೆಯೆಲ್ಲ ಒಟ್ಟಿಗೆ ಬಂದ ಹಾಗೆ ಅಗೆತ ಜೋರಾಗಿ, ಕೆಲವರಿಗೆ ಬೆನ್ನುಮೂಳೆಯ ಹಲವು ಬಿಲ್ಲೆಗಳು ಒಟ್ಟೊಟ್ಟಿಗೆ ಕುಸಿದಿವೆ. ಶುರುಮಾಡುವ ಮೊದಲೇ 'ಇದನ್ನು ನಿಲ್ಲಿಸಿದಾಗ ಮುಂದೇನು' ಎಂದು ಕೇಳಲೇಬೇಕಾದ ಔಷಧಿ ಇದು. ಮೂಳೆ ಕಟ್ಟುವ ಟೆರಿಪ್ಯಾರಟೈಡ್, ರೊಮೊಸೊಜುಮ್ಯಾಬ್ ಕೂಡ ಇವೆ, ತೀರಾ ಅಪಾಯದಲ್ಲಿರುವವರಿಗೆ. ಅವುಗಳ ಅವಧಿ ಮುಗಿದ ಮೇಲೂ ಕಟ್ಟಿದ್ದನ್ನು ಕಾಯಲು ಇನ್ನೊಂದು ಔಷಧಿ ಬೇಕು.

ದೊಡ್ಡಮ್ಮ ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋದರು. ಕಿಡ್ನಿ ಮತ್ತು ವಿಟಮಿನ್ ಡಿ ರಕ್ತಪರೀಕ್ಷೆ ಆಯಿತು. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ಬೀಳದವರ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಈಗ ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಒಂದು ದೊಡ್ಡ ಲೋಟ ಬರೀ ನೀರು. ಹಾಲು, ಕಾಫಿ ಆಗುವುದಿಲ್ಲ. ಖಾಲಿ ಹೊಟ್ಟೆಯಲ್ಲೇ ಶೇಕಡಾ ಒಂದಕ್ಕಿಂತ ಕಮ್ಮಿ ದೇಹ ಸೇರುತ್ತದೆ, ಬೇರೇನಾದರೂ ಕುಡಿದರೆ ಅದರಲ್ಲೂ ಬಹುಪಾಲು ಹೋಯಿತು. ಮಾತ್ರೆ ಅನ್ನನಾಳದಲ್ಲಿ ನಿಂತು ಸುಡಬಾರದೆಂದು ಅರ್ಧ ಗಂಟೆ ಮಲಗುವ ಹಾಗೂ ಇಲ್ಲ. ಆ ಅರ್ಧ ಗಂಟೆ ಕುರ್ಚಿಯಲ್ಲಿ ನೆಟ್ಟಗೆ ಕೂತು ನನಗೆ ಫೋನ್ ಮಾಡುತ್ತಾರೆ. ಹೋದ ವಾರ ಕೇಳಿದ್ದು, "ಐದು ವರ್ಷ ಆದ್ಮೇಲೆ ನಿಲ್ಸೋದಾ ಬೇಡ್ವಾ ಅಂತ ಆಗ ಮತ್ತೆ ಸ್ಕ್ಯಾನ್ ಮಾಡ್ತಾರಾ?" ಮಾಡುತ್ತಾರೆ, ಅಷ್ಟರಲ್ಲಿ ಮತ್ತೆಲ್ಲೂ ಮುರಿದಿಲ್ಲ ತಾನೇ ಅಂತಲೂ ಕೇಳುತ್ತಾರೆ, ದೊಡ್ಡಮ್ಮ, ಅಂದೆ.